ಪಂಚಾಂಗ ನೋಡಿ ಘಟ್ಟ ಇಳಿಯುವವರಿಗೆ

ಕುಕ್ಕೆ ಸುಬ್ರಹ್ಮಣ್ಯದ ದಾರಿಯಲ್ಲಿ ಯಾವತ್ತು ವಾಹನಗಳು ಕಿಕ್ಕಿರಿಯುತ್ತವೆ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ, ಪಂಚಾಂಗ ಸಾಕು. ಷಷ್ಠಿ ಬಂದರೆ ಜನ ಬರುತ್ತಾರೆ. ಆಶ್ಲೇಷಾ ನಕ್ಷತ್ರ ಸುಮಾರು 27 ದಿನಕ್ಕೊಮ್ಮೆ ಬರುತ್ತದೆ, ಅವತ್ತು ಆಶ್ಲೇಷ ಬಲಿಗೆಂದು ದೂರದೂರುಗಳಿಂದ ಜನ ಬರುತ್ತಾರೆ. ಆ ದಿನ ಶನಿವಾರಕ್ಕೋ ಭಾನುವಾರಕ್ಕೋ ಕೂಡಿಬಂದರೆ ಜನಸಂದಣಿ ಇನ್ನಷ್ಟು ಹೆಚ್ಚು. ನಾಗರಪಂಚಮಿ, ಚಂಪಾಷಷ್ಠಿ, ಕಿರುಷಷ್ಠಿ, ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್‌ನಿಂದ ಹೊಸವರ್ಷದ ತನಕದ ವಾರ, ಶಾಲೆಗಳಿಗೆ ರಜೆಯಿರುವ ಏಪ್ರಿಲ್ ಮತ್ತು ಮೇ ಇವೆಲ್ಲ ವರ್ಷದ ಮೊದಲೇ ಗೊತ್ತಿರುವ ದಿನಗಳು. ಹೀಗೆ ಮೊದಲೇ ಗೊತ್ತಿರುವ ದಟ್ಟಣೆಯಲ್ಲೂ ಜೀವಗಳು ಹೋಗುತ್ತವೆ ಎಂದರೆ ಅದನ್ನು ದುರದೃಷ್ಟ ಎಂದು ಕೈಚೆಲ್ಲುವುದು ಸರಿಯಲ್ಲ.

ಕಡಬ ತಾಲ್ಲೂಕಿನ ಬಿಳಿನೆಲೆ ಗ್ರಾಮದ ನೆಟ್ಟಣ ಈ ದಾರಿಗಳನ್ನು ಗಮನಿಸಲು ಒಂದು ಒಳ್ಳೆಯ ಜಾಗ. ರೈಲ್ವೆಯವರು ‘ಸುಬ್ರಹ್ಮಣ್ಯ ರೋಡ್’ ಎಂದು ಕರೆಯುವ ನಿಲ್ದಾಣ ಇರುವುದು ಇಲ್ಲೇ. ದೇವಸ್ಥಾನ ಇಲ್ಲಿಂದ ಸುಮಾರು 12 ಕಿ.ಮೀ. ಬೆಂಗಳೂರು, ಹಾಸನದ ಕಡೆಯವರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಒಳಗೆ ತಿರುಗುತ್ತಾರೆ. ಮೈಸೂರು, ಕೊಡಗಿನ ಕಡೆಯವರು ಹೆದ್ದಾರಿ 275ರಲ್ಲಿ ಸಂಪಾಜೆ ಘಾಟಿ ಇಳಿದು ಸುಳ್ಯದ ಸೀಮೆಗೆ ಬರುತ್ತಾರೆ. ಮಂಗಳೂರು, ಪುತ್ತೂರಿನವರದು ಉಪ್ಪಿನಂಗಡಿ–ಕಡಬ ದಾರಿ. ಧರ್ಮಸ್ಥಳ ಮುಗಿಸಿ ಬರುವವರು ಪೆರಿಯಶಾಂತಿಯಲ್ಲಿ ಹೆದ್ದಾರಿ ದಾಟಿ ಮರ್ದಾಳದ ಕಡೆಗೆ ಹೊರಳುತ್ತಾರೆ. ಎಲ್ಲ ದಾರಿಗಳೂ ಕಾಡು, ತೋಟ, ತಿರುವುಗಳ ನಡುವೆ ಸಾಗಿ ಒಂದೇ ಊರಿಗೆ ಬಂದು ಸೇರುತ್ತವೆ.

ಈ ರಸ್ತೆಗಳ ಬಗ್ಗೆ ಮಾತು ಬಂದರೆ ಜನ ಮೊದಲು ದೂರುವುದು ತಿರುವುಗಳನ್ನು, ಹೊಂಡಗಳನ್ನು, ಎಂದೂ ಮುಗಿಯದ ಕಾಮಗಾರಿಯನ್ನು. ದೂರುವುದರಲ್ಲಿ ತಪ್ಪಿಲ್ಲ. ಆದರೆ ರಜೆಯ ದಿನಗಳ ಅಪಾಯವನ್ನು ಅಳೆಯಲು ರಸ್ತೆಯಷ್ಟೇ ಗಡಿಯಾರವನ್ನೂ ನೋಡಬೇಕು.

ಬೆಂಗಳೂರಿನಿಂದ ಕುಕ್ಕೆಗೆ ಸುಮಾರು 280 ಕಿ.ಮೀ. ಹೆಚ್ಚಿನ ತಂಡಗಳ ಲೆಕ್ಕಾಚಾರ ಒಂದೇ ತೆರನಾದದ್ದು: ಶುಕ್ರವಾರ ಕೆಲಸ ಮುಗಿಸುವುದು, ಮನೆಗೆ ಬಂದು ಊಟ ಮಾಡುವುದು, ರಾತ್ರಿ ಹತ್ತು–ಹನ್ನೊಂದಕ್ಕೆ ಹೊರಡುವುದು, ಬೆಳಗಿನ ಜಾವ ಕುಮಾರಧಾರೆಯಲ್ಲಿ ಮಿಂದು ಮೊದಲ ಸೇವೆಗೆ ನಿಲ್ಲುವುದು. ಲಾಡ್ಜಿನ ಒಂದು ರಾತ್ರಿಯ ಬಾಡಿಗೆ ಉಳಿಯಿತು, ಒಂದು ದಿನದ ರಜೆಯೂ ಉಳಿಯಿತು. ಹೀಗೆ ಹೊರಟ ವಾಹನ ಹಾಸನ ದಾಟಿ ಸಕಲೇಶಪುರ ಮುಟ್ಟುವ ಹೊತ್ತಿಗೆ ಗಂಟೆ ಮೂರಾಗಿರುತ್ತದೆ. ಶಿರಾಡಿಯ ಇಳಿಜಾರು, ಮಂಜು, ಸಾಲುಗಟ್ಟಿದ ಲಾರಿಗಳು ಎದುರಾಗುವುದು ಮೂರರಿಂದ ಐದರ ನಡುವೆ. ಮನುಷ್ಯನ ದೇಹ ನಿದ್ದೆಯನ್ನು ಅತಿ ಹೆಚ್ಚು ಬೇಡುವ ಹೊತ್ತೂ ಅದೇ.

ಬೆಳಿಗ್ಗೆ ಆರಕ್ಕೆ ಎದ್ದ ಚಾಲಕನಿಗೆ ರಾತ್ರಿ ಹನ್ನೊಂದಕ್ಕೆ ಎಚ್ಚರದ ಹದಿನೇಳು ಗಂಟೆ ತುಂಬಿರುತ್ತದೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಹದಿನೇಳು ಗಂಟೆ ನಿದ್ದೆಗೆಟ್ಟವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಕುಗ್ಗಿತ್ತು. ಇಪ್ಪತ್ತನಾಲ್ಕು ಗಂಟೆ ಎಚ್ಚರವಿದ್ದವರದು ಶೇ 0.10ರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಒಪ್ಪುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಒಂದು ತೊಟ್ಟು ಕುಡಿಯದ, ವ್ರತದಲ್ಲಿರುವ ಭಕ್ತನೂ ಬೆಳಗಿನ ಜಾವ ನಾಲ್ಕಕ್ಕೆ ಘಾಟಿ ಇಳಿಯುವಾಗ ಕುಡಿದು ಓಡಿಸುವವನಿಗಿಂತ ಮಿಗಿಲೇನಲ್ಲ. ಇದನ್ನು ಹಿಡಿಯುವ ಯಂತ್ರ ಯಾವ ಪೊಲೀಸರ ಕೈಯಲ್ಲೂ ಇಲ್ಲ.

ನಿದ್ದೆ ಹೇಳಿ ಬರುವುದಿಲ್ಲ. ರೆಪ್ಪೆ ಭಾರವಾಗುತ್ತದೆ, ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆವೆಂಬುದು ನೆನಪಾಗುವುದಿಲ್ಲ, ಗಾಡಿ ಬಿಳಿ ಗೆರೆಯನ್ನು ತುಳಿದು ಮತ್ತೆ ಒಳಗೆ ಬರುತ್ತದೆ. ಅಷ್ಟರಲ್ಲಿ ಮಿದುಳು ಮೂರ್ನಾಲ್ಕು ಸೆಕೆಂಡಿನ ತುಣುಕು ನಿದ್ದೆಗಳಿಗೆ ಜಾರಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಎಂದರೆ 50 ಮೀಟರ್. ಶಿರಾಡಿಯಲ್ಲಿ ಅಷ್ಟು ದೂರ ನೇರವಾಗಿರುವ ರಸ್ತೆ ಎಲ್ಲ ಕಡೆ ಸಿಗುವುದಿಲ್ಲ. ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಾಕುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು ಇವೆಲ್ಲದರ ಫಲ ಕೆಲವೇ ನಿಮಿಷದ್ದು. ಒಂದು ಲೋಟ ಗಟ್ಟಿ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ ಎದ್ದರೆ ಸ್ವಲ್ಪ ಹೊತ್ತಿಗೆ ನಿಜವಾಗಿ ಉಪಯೋಗವಾಗುತ್ತದೆ. ಆದರೆ ಇಡೀ ರಾತ್ರಿಯ ನಿದ್ದೆಯ ಸಾಲವನ್ನು ಅದು ತೀರಿಸದು.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮೂರು ಎಮ್ಮೆಹಟ್ಟಿಗೆ ಮರಳುತ್ತಿದ್ದವರು ಅವರು. ಅದಕ್ಕೂ ಮೊದಲು, 2022ರ ಅಕ್ಟೋಬರ್ 15ರ ಶನಿವಾರ ರಾತ್ರಿ ಅರಸೀಕೆರೆ ತಾಲ್ಲೂಕಿನ ಬಾಣಾವರದ ಬಳಿ ಟೆಂಪೊ ಟ್ರಾವೆಲರ್ ಒಂದು ಸಾರಿಗೆ ಬಸ್ಸಿಗೂ ಹಾಲಿನ ಟ್ಯಾಂಕರಿಗೂ ನಡುವೆ ಸಿಲುಕಿ ನಜ್ಜುಗುಜ್ಜಾಗಿತ್ತು. ಮಕ್ಕಳೂ ಸೇರಿ ಒಂಬತ್ತು ಮಂದಿ ಹೋದರು. ಅವರು ಧರ್ಮಸ್ಥಳ, ಸುಬ್ರಹ್ಮಣ್ಯ ನೋಡಿಕೊಂಡು, ಹಾಸನದಲ್ಲಿ ಹಾಸನಾಂಬೆಯ ದರ್ಶನವನ್ನೂ ಮುಗಿಸಿ ಮನೆಯ ದಾರಿ ಹಿಡಿದಿದ್ದರು. ಎರಡರ ಕಾರಣಗಳು ಬೇರೆ ಬೇರೆ. ಬಾಣಾವರದಲ್ಲಿ ಟೆಂಪೊದವರ ತಪ್ಪಿಗಿಂತ ರಸ್ತೆಯ ಗೊಂದಲವೇ ದೊಡ್ಡದು. ಆದರೆ ಎರಡರಲ್ಲೂ ತುಂಬಿದ ಟೆಂಪೊ ಇತ್ತು, ಕತ್ತಲೆಯಿತ್ತು, ಒಂದೇ ಸುತ್ತಿನಲ್ಲಿ ಹಲವು ಕ್ಷೇತ್ರ ಮುಗಿಸಿ ಊರು ಸೇರುವ ಹಾದಿಯಿತ್ತು. ಮೂರು ಕ್ಷೇತ್ರ ಮಾಡುವವರು ನಡುವೆ ಒಂದು ರಾತ್ರಿ ತಂಗಿದರೆ ಕತ್ತಲೆಯ ಆ ಪ್ರಯಾಣವೇ ಬೇಕಾಗುವುದಿಲ್ಲ.

ತಂಗಿದರೂ ಚಾಲಕ ಎಲ್ಲಿ ಮಲಗುತ್ತಾನೆ ಎಂಬುದನ್ನು ಕೇಳುವವರು ಕಡಿಮೆ. ಬಾಡಿಗೆ ವಾಹನದ ಚಾಲಕರು ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಸೀಟು ಹಿಂದಕ್ಕೆ ಒರಗಿಸಿ, ಸೊಳ್ಳೆ ಹೊಡೆಯುತ್ತ, ಬಾಗಿಲು ಬಡಿಯುವ ಸದ್ದಿಗೆ ಎಚ್ಚರಾಗುತ್ತ ರಾತ್ರಿ ಕಳೆಯುತ್ತಾರೆ. ಮರುದಿನ ಇಪ್ಪತ್ತು ಜನರ ಜೀವ ಅವರ ಕೈಯಲ್ಲಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿಸಿದರೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು ಹೇಳಿತ್ತು. ಸರ್ಪಸಂಸ್ಕಾರಕ್ಕೆ ಎರಡು ದಿನ ಬೇಕು. ಆ ಸೇವೆಗೆ ಬರುವವರು ಹೇಗೂ ಕೋಣೆ ಹಿಡಿಯುತ್ತಾರೆ. ಅದರ ಜೊತೆಗೆ ಚಾಲಕನಿಗೊಂದು ಹಾಸಿಗೆ ಹಿಡಿಯುವುದು ದೊಡ್ಡ ಖರ್ಚಲ್ಲ. ಇದು ಉಪಕಾರವಲ್ಲ, ಪ್ರಯಾಣದ ಖರ್ಚಿನಲ್ಲೇ ಸೇರಬೇಕಾದ ಬಾಬತ್ತು.

ಇನ್ನು ಇಳಿಜಾರು. ಬಯಲುಸೀಮೆಯ ನೇರ ರಸ್ತೆಯಲ್ಲಿ ಪಳಗಿದವರು ಘಾಟಿಯಲ್ಲಿ ಮೋಸ ಹೋಗುವುದು ಬ್ರೇಕಿನ ವಿಷಯದಲ್ಲಿ. ಉದ್ದನೆಯ ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೇ ಇದ್ದರೆ ಲೈನಿಂಗು, ಡ್ರಮ್ಮು ಕಾದು ಕೆಂಡವಾಗುತ್ತವೆ. ಸುಟ್ಟ ವಾಸನೆ ಮೊದಲ ಎಚ್ಚರಿಕೆ. ಆಮೇಲೆ ಪೆಡಲ್ ಮೆತ್ತಗಾಗಿ ಆಳಕ್ಕೆ ಇಳಿಯುತ್ತದೆ, ಒತ್ತಿದಷ್ಟು ಹಿಡಿತ ಸಿಗುವುದಿಲ್ಲ. ಬ್ರೇಕ್ ಎಣ್ಣೆ ಹಳತಾಗಿ ತೇವ ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆ ಕಟ್ಟಿ ಬ್ರೇಕ್ ಪೂರ್ತಿ ಕೈಕೊಡಬಹುದು. ಲಾರಿ–ಬಸ್ಸುಗಳ ಏರ್ ಬ್ರೇಕನ್ನು ಮತ್ತೆ ಮತ್ತೆ ಒತ್ತಿದರೆ ಗಾಳಿಯ ಒತ್ತಡವೇ ಕುಸಿಯುತ್ತದೆ. ಘಾಟಿಯಲ್ಲಿ ಹಳಬರಾದ ಚಾಲಕರು ಪಾಲಿಸುವ ನಿಯಮ ಸರಳ: ಯಾವ ಗೇರಿನಲ್ಲಿ ಆ ಏರು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯುವುದು. ವೇಗ ಹಿಡಿದಿಡುವ ಕೆಲಸ ಎಂಜಿನ್ನಿನದು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡುವುದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಎಂಜಿನ್ ಆಫ್ ಮಾಡಿದರಂತೂ ಸ್ಟೀರಿಂಗು, ಬ್ರೇಕು ಎರಡೂ ಕಲ್ಲಿನಂತಾಗುತ್ತವೆ. ಆಟೊಮ್ಯಾಟಿಕ್ ಕಾರುಗಳಲ್ಲೂ ‘ಎಲ್’ ಅಥವಾ ಮ್ಯಾನ್ಯುಯಲ್ ಆಯ್ಕೆ ಇರುವುದು ಇದಕ್ಕೇ. ವಾಸನೆ ಬಂದರೆ ತಿರುವಿನಲ್ಲಲ್ಲ, ಅಗಲವಾದ ಜಾಗ ನೋಡಿ ನಿಲ್ಲಿಸಿ ಆರಲು ಬಿಡಬೇಕು. ಕಾದ ಚಕ್ರಕ್ಕೆ ನೀರು ಸುರಿಯಬಾರದು.

ಇಕ್ಕಟ್ಟಾದ ಏರಿನಲ್ಲಿ ಎದುರುಬದುರಾದಾಗ ಹತ್ತುವ ವಾಹನಕ್ಕೆ ಮೊದಲ ದಾರಿ ಎಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ಸಂಪಾಜೆ, ಬಿಸಿಲೆ ಘಾಟಿಗಳಲ್ಲಿ ರಜಾದಿನಗಳಂದು ಬಹುಪಾಲು ಜಗಳಗಳು ಹುಟ್ಟುವುದು ಈ ಒಂದು ನಿಯಮ ಗೊತ್ತಿಲ್ಲದೆ.

ಗುಂಡ್ಯದಲ್ಲಿ ಒಳಗೆ ತಿರುಗಿದ ಮೇಲೆ ಚಾಲಕನ ಮನಸ್ಸು ಸಡಿಲಾಗುತ್ತದೆ. ಘಾಟಿ ಮುಗಿಯಿತು, ದೇವಸ್ಥಾನ ಇನ್ನು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಈ ಕೊನೆಯ ತುಂಡೇ ಹೊರಗಿನವರಿಗೆ ಅತಿ ಕಡಿಮೆ ಪರಿಚಿತ. ಎರಡೂ ಬದಿ ಕಾಡು, ಆನೆ ದಾಟುವ ಜಾಗ. 2023ರ ಫೆಬ್ರುವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಬೆಳ್ಳಂಬೆಳಗ್ಗೆ ಕಾಡಾನೆ ದಾಳಿಗೆ ಇಬ್ಬರು ಬಲಿಯಾಗಿದ್ದರು. ನಸುಕಿನಲ್ಲಿ ಈ ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ, ಲೈಟ್ ತಗ್ಗಿಸಿ, ಹಿಂದೆ ಸರಿಯುವ ದಾರಿ ಇಟ್ಟುಕೊಳ್ಳಬೇಕು. ಫೋಟೊಕ್ಕೆಂದು ಇಳಿಯುವುದು ಪ್ರಾಣಕ್ಕೆ ಎರವು.

ಊರಿನವರ ದಿನ ಶುರುವಾಗುವುದೂ ಅದೇ ಹೊತ್ತಿಗೆ ಎಂಬುದು ಯಾತ್ರಿಕರ ಗಮನಕ್ಕೆ ಬರುವುದೇ ಇಲ್ಲ. ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ನಸುಕಿನ ಕೆಲಸ. ತಂಪಿರುವಾಗಲೇ ಹಾಲು ಚೆನ್ನಾಗಿ ಇಳಿಯುವುದು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ದುಡಿಯುವ, ಶ್ರೀಲಂಕಾದಿಂದ ಮರಳಿ ಬಂದು ಇಲ್ಲಿ ನೆಲೆಸಿದ ತಮಿಳು ಕುಟುಂಬಗಳವರೂ ಕತ್ತಲೆಯಲ್ಲೇ ಕೆಲಸಕ್ಕೆ ನಡೆಯುತ್ತಾರೆ. ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೋಗುವವರು, ಬಸ್ಸಿಗೆ ಕಾಯುವ ಮಕ್ಕಳು ಎಲ್ಲರೂ ಕಾಲುದಾರಿಯಿಲ್ಲದ ಡಾಂಬರಿನ ಅಂಚಿನಲ್ಲಿ. ದೀಪಾವಳಿಯಿಂದ ಪತ್ತನಾಜೆಯ ತನಕ ತುಳುನಾಡಿನಲ್ಲಿ ಜಾತ್ರೆ, ನೇಮ, ಯಕ್ಷಗಾನದ ಕಾಲ. ಏಪ್ರಿಲ್ ನಡುವಿನಲ್ಲಿ ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯೂ ಬರುತ್ತದೆ. ಇಡೀ ರಾತ್ರಿ ಆಟ ನೋಡಿ, ಕೋಲ ನೋಡಿ ಬೈಕಿನಲ್ಲಿ ಮರಳುವವರಿಗೂ ಕಣ್ಣು ಎಳೆಯುತ್ತಿರುತ್ತದೆ. ಶಿವರಾತ್ರಿಯ ಮುಂಚೆ ಧರ್ಮಸ್ಥಳದ ಪಾದಯಾತ್ರಿಗಳು ಘಟ್ಟ ಇಳಿದು ಬರುತ್ತಾರೆ. ಅವರ ಚೀಲದ ಹಿಂಬದಿಗೆ ಒಂದು ಹೊಳೆಯುವ ಪಟ್ಟಿ ಅಂಟಿಸಿದರೆ ಚಾಲಕನಿಗೆ ನೂರು ಮೀಟರ್ ಮೊದಲೇ ಕಾಣುತ್ತದೆ. ಈ ಎಲ್ಲರೂ ಒಂದೇ ಕಿರಿದಾದ ರಸ್ತೆಯನ್ನು ಹಂಚಿಕೊಳ್ಳುವಾಗ 40ರ ವೇಗ ಸಾಕು. ಅದರಿಂದ ತಡವಾಗುವುದು ಹತ್ತು ನಿಮಿಷ.

ಫೋನಿನ ನಕ್ಷೆ ತೋರಿಸಿದ ಹತ್ತಿರದ ದಾರಿಯನ್ನೂ ರಾತ್ರಿ ನಂಬಬಾರದು. ಸುಳ್ಯ ಸೀಮೆಯ ಒಳರಸ್ತೆಗಳು ಹಗಲಿಗೆ ಚಂದ. ಕತ್ತಲೆಯಲ್ಲಿ, ಸಿಗ್ನಲ್ ಸಿಗದ ಕಡೆ, ಟೆಂಪೊ ತಿರುಗಿಸಲೂ ಜಾಗವಿಲ್ಲದ ತೋಟದ ದಾರಿಗೆ ಅವು ಕೊಂಡೊಯ್ದು ಬಿಡುತ್ತವೆ.

ಮಳೆಗಾಲದ ಹಬ್ಬಗಳ ಮಾತೇ ಬೇರೆ. 2022ರ ಆಗಸ್ಟ್ 1ರಂದು, ನಾಗರಪಂಚಮಿಯ ಮುನ್ನಾದಿನ, ಸುಬ್ರಹ್ಮಣ್ಯದ ಸುತ್ತ ಸುರಿದ ಭಾರಿ ಮಳೆಗೆ ಗುಡ್ಡ ಕುಸಿದು ಇಬ್ಬರು ಪುಟ್ಟ ಅಕ್ಕತಂಗಿಯರು ಮನೆಯೊಳಗೇ ಸಮಾಧಿಯಾದರು. ಕುಮಾರಧಾರೆ ಉಕ್ಕಿ ಹರಿಯಿತು. ಭಕ್ತರು ಸದ್ಯ ಬರುವುದು ಬೇಡ ಎಂದು ಜಿಲ್ಲಾಡಳಿತ ಮನವಿ ಮಾಡಬೇಕಾಯಿತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿತ್ತು. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಮಣ್ಣು ಜರಿಯಿತು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಹರಕೆ ಹೊತ್ತ ದಿನಕ್ಕೇ ಬರಬೇಕೆಂಬ ಹಠ ಮಳೆಗಾಲದಲ್ಲಿ ಸಲ್ಲದು. ರೆಡ್ ಅಲರ್ಟ್ ಇದ್ದರೆ ಸೇವೆಯನ್ನು ಮುಂದಿನ ಆಶ್ಲೇಷಕ್ಕೆ ಹಾಕಿಕೊಳ್ಳಬಹುದು. ಹೊರಟೇಬಿಟ್ಟಿದ್ದರೆ ಗುಡ್ಡದ ಬುಡದಲ್ಲಿ, ತೊರೆ ಧುಮುಕುವ ಕಡೆ ಗಾಡಿ ನಿಲ್ಲಿಸಬಾರದು. ಮುಂದಿನ ವಾಹನದಿಂದ ಒಣ ರಸ್ತೆಯಲ್ಲಿ ಬಿಡುವ ಅಂತರವನ್ನು ಒದ್ದೆ ರಸ್ತೆಯಲ್ಲಿ ದುಪ್ಪಟ್ಟು ಮಾಡಬೇಕು.

ಬೆಲ್ಟು, ಹೆಲ್ಮೆಟ್ಟಿನ ಮಾತು ಹಳೆಯದೆನಿಸಬಹುದು, ಲೆಕ್ಕ ಹಳೆಯದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ, 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಬೆಲ್ಟ್ ಹಾಕದೆ ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಾಲಕರಲ್ಲ, ಪ್ರಯಾಣಿಕರು. ಹಿಂದಿನ ಸೀಟಿನವರು ಬೆಲ್ಟ್ ಹಾಕುವುದೇ ಇಲ್ಲ, ಟೆಂಪೊಗಳಲ್ಲಿ ಅದು ಸೀಟಿನ ಸಂದಿಯಲ್ಲಿ ಹೂತುಹೋಗಿರುತ್ತದೆ. ಹೊರಡುವ ಮೊದಲು ಅದನ್ನು ಎಳೆದು ಹೊರತೆಗೆಯಲು ಐದು ನಿಮಿಷ ಸಾಕು. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಮಗುವಿಗೂ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, 40 ಕಿ.ಮೀ. ಮೀರದ ವೇಗ ಕಡ್ಡಾಯ ಎಂಬ ನಿಯಮವೂ ಬಂದಿದೆ.

ಇಷ್ಟೆಲ್ಲ ಹೇಳುವಾಗ ನೆಟ್ಟಣದ ನಿಲ್ದಾಣದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಸಕಲೇಶಪುರದಿಂದ ಇಲ್ಲಿಗೆ 55 ಕಿ.ಮೀ. ಘಾಟಿ ಮಾರ್ಗ, 57 ಸುರಂಗ, 50 ಅಡಿಗೆ ಒಂದು ಅಡಿಯ ಇಳಿಜಾರು. ಮೀಟರ್ ಗೇಜ್ ಹಳಿ 1979ರಲ್ಲಿ ತೆರೆಯಿತು. ಬ್ರಾಡ್ ಗೇಜಿಗೆ ಬದಲಿಸಲು ಮುಚ್ಚಿದ ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಿಂದ ಯಶವಂತಪುರದ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳು ಬಂದವು. 2025ರ ಏಪ್ರಿಲಿನಲ್ಲಿ ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ರೈಲು ಸುಬ್ರಹ್ಮಣ್ಯ ರೋಡ್ ತನಕ ಮುಂದುವರಿಯಿತು. ರಾತ್ರಿ ರೈಲಿನಲ್ಲಿ ಮಲಗಿ ಬಂದವರು ನಿದ್ದೆ ಮುಗಿಸಿಯೇ ಘಟ್ಟ ಇಳಿದಿರುತ್ತಾರೆ. ಕೊರತೆ ಇರುವುದು ಸೀಟಿನದು. ಹಬ್ಬದ ವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಚಂಪಾಷಷ್ಠಿಗೆ, ನಾಗರಪಂಚಮಿಗೆ, ಉದ್ದನೆಯ ವಾರಾಂತ್ಯಗಳಿಗೆ ಹೆಚ್ಚುವರಿ ಬೋಗಿ, ವಿಶೇಷ ರೈಲು, ನಿಲ್ದಾಣದಿಂದ ಕ್ಷೇತ್ರಕ್ಕೆ ರೈಲಿನ ವೇಳೆಗೆ ಹೊಂದುವ ಬಸ್ಸು ಇವನ್ನು ಜನಪ್ರತಿನಿಧಿಗಳು ಪಟ್ಟುಹಿಡಿದು ಕೇಳಬೇಕು.

ಫ್ರಾನ್ಸ್ ದೇಶದಲ್ಲಿ 1975ರ ಆಗಸ್ಟ್ ರಜೆಯ ಆರಂಭದಲ್ಲಿ ದೇಶದಾದ್ಯಂತ ನೂರಾರು ಕಿಲೋಮೀಟರ್ ವಾಹನಗಳು ಸಾಲುಗಟ್ಟಿ ನಿಂತವು. ಮರುವರ್ಷವೇ ಅಲ್ಲಿನ ಸರ್ಕಾರ ‘ಬಿಝೋನ್ ಫ್ಯುಟೆ’ ಎಂಬ ವ್ಯವಸ್ಥೆ ತಂದಿತು. ಯಾವ ದಿನ ದಟ್ಟಣೆ ಎಷ್ಟು ಎಂದು ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣಗಳಲ್ಲಿ ಅದು ಮುಂಚಿತವಾಗಿ ತಿಳಿಸುತ್ತದೆ. ಜರ್ಮನಿ ಜುಲೈ–ಆಗಸ್ಟ್ ಶನಿವಾರಗಳ ಹಗಲು ಮುಖ್ಯ ಹೆದ್ದಾರಿಗಳಲ್ಲಿ ಭಾರಿ ಲಾರಿಗಳನ್ನು ತಡೆಯುತ್ತದೆ. ಕುಕ್ಕೆಗೆ ಅಂಥದೊಂದು ಬಣ್ಣದ ಕ್ಯಾಲೆಂಡರ್ ಮಾಡುವುದು ಇನ್ನೂ ಸುಲಭ. ತಿಥಿ, ನಕ್ಷತ್ರಗಳ ಲೆಕ್ಕ ಮೊದಲೇ ಸಿದ್ಧವಿದೆ. ದೇವಸ್ಥಾನ, ಪೊಲೀಸ್, ಸಾರಿಗೆ ಸಂಸ್ಥೆ ಒಟ್ಟಿಗೆ ಕುಳಿತು ಅದನ್ನು ಸೇವೆಯ ಬುಕಿಂಗ್ ಜೊತೆಗೇ ಜನರಿಗೆ ಕೊಡಬಹುದು.

ಅಪಘಾತ ಆಗಿಯೇಹೋದರೆ ಮೊದಲು ಓಡಿಬರುವವರು ಹತ್ತಿರದ ಮನೆಯವರು, ಆಟೊ–ಜೀಪಿನವರು, ಹಿಂದಿನ ವಾಹನದವರು. ಗಂಭೀರ ಗಾಯಾಳುವನ್ನು ಸುಳ್ಯಕ್ಕೋ ಪುತ್ತೂರಿಗೋ, ಬಹಳ ಸಲ ಮಂಗಳೂರಿಗೋ ಒಯ್ಯಬೇಕಾದ ಈ ಸೀಮೆಯಲ್ಲಿ ಮೊದಲ ಒಂದು ಗಂಟೆಯ ಬಹುಪಾಲು ದಾರಿಯಲ್ಲೇ ಕಳೆಯುತ್ತದೆ. ಪೊಲೀಸ್ ಕೇಸಿಗೆ ಹೆದರಿ ಹಿಂಜರಿಯುವ ಕಾರಣ ಈಗ ಉಳಿದಿಲ್ಲ. ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ರೂಪಿಸಿತು. 2019ರಲ್ಲಿ ಕೇಂದ್ರ ಕಾಯ್ದೆಗೂ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಅಲ್ಲೇ ಕಾಯಬೇಕಾಗಿಯೂ ಇಲ್ಲ. 2025ರ ಮೇಯಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗಾಯಾಳುವಿಗೆ ಏಳು ದಿನಗಳ ತನಕ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಕರೆ ಹೋದ ಕೂಡಲೇ ಅತ್ತ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಎಲ್ಲಿದ್ದೀರಿ?’ ಎಂಬುದು. ಘಾಟಿಯ ನಡುವೆ ಊರಿನ ಹೆಸರು ಗೊತ್ತಿಲ್ಲದ ಯಾತ್ರಿಕರು ಅಲ್ಲೇ ತಡವರಿಸುತ್ತಾರೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಕೊನೆಗೆ ದಾಟಿದ ಊರು ಅಥವಾ ಸೇತುವೆ, ಗಾಡಿ ಹತ್ತುತ್ತಿತ್ತೋ ಇಳಿಯುತ್ತಿತ್ತೋ ಎಂಬುದು, ಈ ಮೂರನ್ನು ಹೇಳಿದರೆ ಆಂಬುಲೆನ್ಸ್ ಸಕಲೇಶಪುರದಿಂದ ಹೊರಡಬೇಕೋ ನೆಲ್ಯಾಡಿ ಕಡೆಯಿಂದಲೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಸಿಗ್ನಲ್ ಇಲ್ಲದಿದ್ದರೆ ಒಬ್ಬರನ್ನು ಗಾಯಾಳುಗಳ ಬಳಿ ಬಿಟ್ಟು, ಗುಂಡ್ಯದ ಕಡೆಗೋ ಮಾರನಹಳ್ಳಿಯ ಕಡೆಗೋ ಹೋಗುವ ಮೊದಲ ವಾಹನದಲ್ಲಿ ಇನ್ನೊಬ್ಬರು ಇದೇ ಮೂರು ವಿವರಗಳನ್ನು ಹೇಳಿ ಕಳುಹಿಸಬೇಕು.